ಹೈಮಾ ದಾಟೂತನಕ

ಥುಮ್ರೈತಿನ ಪಂಪಿನಾಗ ಡೀಸೆಲ್ ಕುಡಕೋತ ನಿಂತದ ಗಾಡಿ.
ಬೆನ್ನ ಹಿಂದ ಹನ್ನೆರಡು ಟನ್ ಸಲಾಲಾದ ಬಾಳೀಹಣ್ಣು,
ಹದಿಮೂರು ಡಿಗ್ರಿ ಥಂಡಿಯೊಳಗ ಮಲಗ್ಯಾವ.
ಮುಂದ ಮಸ್ಕತ್ತಿನತನಕ ಹಗ್ಗ ಹಿಡಿದು ಎಳೆದಂಥ ರಸ್ತೆ,
ತಿರುವಿಲ್ಲ, ಮರವಿಲ್ಲ,
ಬೈಯಲಿಕ್ಕೂ ಯಾರೂ ಇಲ್ಲ.

ಈಗ ಪುಸ್ತಕ ಆರಿಸಬೇಕು,
ಟೈರಿನ ಗಾಳಿ ನೋಡಿದಷ್ಟೇ ಜ್ವಾಕಿಯಿಂದ.
ಇಲ್ಲಿ ಬಿಟ್ಟರ ನೆಟ್ ಸತ್ತುಹೋಗತದ,
ಫೋನಿಗೆ ಇಳಿಸಿಕೊಂಡದ್ದಷ್ಟೇ ಬುತ್ತಿ.

ಇತಿಹಾಸ ಬ್ಯಾಡ. ಹೋದ ಸಲ ಒಬ್ಬ ರಾಜ
ಪಟ್ಟಕ್ಕ ಏರೂದರೊಳಗ ನನಗ ಜೋಂಪು ಹತ್ತಿ
ಗಾಲಿ ಹಳದಿ ಗೆರಿ ಮ್ಯಾಲ ಗುರ್ರ್ ಅಂದವು.
ಏಳು ದಿನದಾಗ ಶ್ರೀಮಂತ ಆಗೂದು ಬ್ಯಾಡ,
ಹತ್ತೊಂಬತ್ತು ವರ್ಷ ಆತು ನಾ ಬಂದು.
ಕವಿತಾದ್ದೊಂದಿತ್ತು, ಚಲೋನೇ ಇತ್ತು. ಆದರ
ಸಾಲು ಸಾಲಿಗೂ ಬ್ರೇಕ್ ಒತ್ತಬೇಕು ಅನಸತದ,
ಹಿಂದಿನವರು ಹಾರ್ನ್ ಹೊಡೀತಾರ.
ಕೊಲಿ ಕಥಿ ಅಂದ್ರ ಎಚ್ಚರ ಇರತದ ಖರೆ.
ಕೊಂದಾಂವ ಯಾರಂತ ಹೇಳೂ ಹೊತ್ತಿಗೆ
ತೂಕದ ಕಾಟಾ ಬಂತು, ಪೊಲೀಸ ಕಿಡಕಿ ಬಡಿದ,
ಅದೇ ರಾತ್ರಿ ಚಂದಾನೂ ಮುಗೀತು.
ಇವತ್ತಿಗೂ ನನ್ನ ಕೊಲಿಗಾರ
ಆ ಕಾಟಾದ ಮ್ಯಾಲೇ ನಿಂತಾನ, ತೂಕ ಮಾಡಿಸಿಕೋತ.

ಬರೆದವರ ಹೆಸರು ನಾ ನೋಡಂಗಿಲ್ಲ.
ಓದೂ ದನಿ ನೋಡತೀನಿ.
ಕೆಲವರು ಅಕ್ಷರ ನುಂಗತಾರ, ಕೆಲವರು ಸುದ್ದಿ ಓದತಾರ,
ಒಬ್ಬಾಂವ ಎಲ್ಲಾ ಹೆಂಗಸರಿಗೂ ಒಂದೇ ಸಣ್ಣ ದನಿ ತೆಗೀತಾನ:
ಅಜ್ಜಿ, ಸೊಸಿ, ಪೊಲೀಸಮ್ಮ, ಎಲ್ಲಾ ಒಂದೇ ಬೆಕ್ಕು.

ಪಕ್ಕದಾಗ ದಿಲ್‌ಮುರಾದ. ತುರ್ಬತ್ ಕಡೆಯ ಬಲೂಚಿ.
ಕನ್ನಡ ಒಂದಕ್ಷರ ಬರಂಗಿಲ್ಲ.
ಸೀಟಿನ ಮ್ಯಾಲ ಕಾಲು ಮಡಿಚಿ, ಖಜೂರದ ಬೀಜ ಉಗುಳಿಕೋತ
"ಆ ಹೆಂಗಸಿಂದು ಹಚ್ಚು ಉಸ್ತಾದ" ಅಂತಾನ,
"ಬಾಂವಿ ಕಡೆ ಹೋದಾಕಿದು."

ಅದರಾಗ ಬಾಂವಿನೇ ಇಲ್ಲ.
ಅದು ತಹಶೀಲ ಕಚೇರಿ ಕಥಿ. ಒಬ್ಬಾಕಿ ವಿಧವಿ,
ಪಿಂಚಣಿ ಕಾಗದ, ಹದಿನಾಲ್ಕು ಸಹಿ.
ಓದಿದಾಕಿ ಯಾರೋ ಏನೋ, ದನಿಯೊಳಗ ಸಣ್ಣ ಬಿರುಕು,
ನಮ್ಮ ಹುಮನಾಬಾದ ಕಡೇದ ಎಳೆತ.
ನಡುವ ಒಮ್ಮೆ ಕೆಮ್ಮತಾಳ, ಯಾರೂ ಕತ್ತರಿಸಿಲ್ಲ.

ದಿಲ್‌ಮುರಾದಗ ಆ ಕೆಮ್ಮಿನ ಜಾಗಾ ಗೊತ್ತು.
ಕಿತ್‌ಬಿತ್ ದಾಟಿ, ಒಂಟಿ ಚಿತ್ರದ ಬೋರ್ಡ್ ದಾಟಿ,
ಎಣ್ಣಿ ಕಂಪನಿಯ ಬೆಂಕಿ ನಾಲಗಿ ದೂರದಾಗ ಕಂಡ ಮ್ಯಾಲ
"ಈಗ" ಅಂತಾನ. ಕೆಮ್ಮತಾಳ.
"ಈಗ ಹಗ್ಗ ಬಿಟ್ಲು."
ಅಲ್ಲಿ ಆಕಿ ಇಟ್ಟಿದ್ದು
ಗುಮಾಸ್ತನ ಮೇಜಿನ ಮ್ಯಾಲ ಒಂದು ಅರ್ಜಿ.

ಒಮ್ಮೆ ಘಫ್ತೈನಿನ ಚಹಾದಂಗಡಿ ಮುಂದ
ಪೂರಾ ಬಿಡಿಸಿ ಹೇಳಿದೆ, ಕಚೇರಿ, ಕಾಗದ, ಸಹಿ.
ಕೇಳಕೋತ ಕೂತ. ಕರಕ್ ಚಹಾ ಆರಿ ಕೆನಿ ಕಟ್ಟಿತು.
ಆಮ್ಯಾಲ ಮಾರಿ ಸಣ್ಣದು ಮಾಡಿ ಅಂದ:
"ನೀ ತಪ್ಪು ಕೇಳಿಸಿಕೊಂಡಿ ಉಸ್ತಾದ.
ಕಾಗದಕ್ಕಂತ ಯಾರೂ ಹಿಂಗ ಉಸಿರು ಹಿಡಿಯಂಗಿಲ್ಲ."

ಅಂದಿನಿಂದ ನನಗೂ ಕಷ್ಟ ಆಗೇದ.
ತಹಶೀಲದಾರ ಬಾಯಿ ತೆಗೆದರ ಗಡಗಡಿ ತಿರುಗಿದ ಸಪ್ಪಳ,
ಠಸ್ಸೆ ಬಿದ್ದರ ಕೊಡ ನೀರಿಗೆ ಬಡಿದಂಗ.
ಹದಿನಾಲ್ಕನೇ ಸಹಿಗೆ ಬರೂದರೊಳಗ
ಮೀಟರು ಟಿಣ್ ಟಿಣ್ ಅಂತದ,
ಕಾಲು ಸಡಿಲ ಮಾಡತೀನಿ.

ಇವತ್ತೂ ಬೆರಳು ಪಟ್ಟಿ ಮ್ಯಾಲ ಓಡ್ಯಾಡತದ.
ಹೊಸಾವು ಮೂರು ಬಂದಾವ. ಒಂದು ಒಂಬತ್ತು ತಾಸಿಂದು,
ಹೈಮಾ ದಾಟಿ ಆದಮ್‌ತನಕ ಬರತದ, ಲೆಕ್ಕಕ್ಕ ಸರಿ.
"ಉಸ್ತಾದ" ಅಂತಾನ ಅವ, ಬೆಲ್ಟ್ ಹಾಕಿಕೋತ.
ಗೊತ್ತದ ಬಿಡೋ, ಅಂತೀನಿ.

ಹಚ್ಚತೀನಿ. ಮೊದಲು ಬರೇ ಎಸಿ ಗಾಳಿ,
ಆಕಿ ಗಂಟಲು ಸರಿಮಾಡಿಕೊಳ್ಳೂದು.
ದಿಲ್‌ಮುರಾದ ಖಜೂರದ ಚೀಲದ ಬಾಯಿ ಕಟ್ಟಿ
ತುಂಬಿದ ಕೊಡಕ್ಕ ಕೈ ಕೊಡೂವನಂಗ
ಮುಂದಕ್ಕ ಬಾಗತಾನ.