ತೊಂಬತ್ತೇಳೂವರೆ

ನೀರು ಕುದಿಯುವುದು ನೂರಕ್ಕೆ.
ಪುಸ್ತಕ ಹೇಳಿತ್ತು, ಮೇಷ್ಟ್ರು ಹೇಳಿದ್ದರು.
ಸರಸ್ವತಿಪುರಂನ ಆ ಲ್ಯಾಬಿನಲ್ಲಿ
ಮೂವತ್ತೆಂಟು ಜನ ರೆಕಾರ್ಡಿನಲ್ಲಿ ನೂರೆಂದೇ ಬರೆದೆವು,
ಪಾದರಸ ಅದರ ಕೆಳಗೇ ನಿಂತು
ನಮ್ಮನ್ನು ನೋಡುತ್ತಿದ್ದರೂ.

ಸಬೀಹಾ ಒಬ್ಬಳು ಕಂಡದ್ದನ್ನು ಬರೆದಳು: ತೊಂಬತ್ತೇಳೂವರೆ.
ಕೆಂಪು ಶಾಯಿ ಬಿತ್ತು.

ಆಮೇಲೆ ಒಬ್ಬೊಬ್ಬರದು ಒಂದೊಂದು ಕಾರಣ.
ಥರ್ಮಾಮೀಟರು ಟೆಂಡರಿನ ಮಾಲು;
ಬೇರೆಯದು ತಂದರೆ, ಅದೂ ಟೆಂಡರಿನದೇ.
ಬೋರ್‌ವೆಲ್ ನೀರಿನ ಗುಣವೇ ಹಾಗೆ.
ಅಟೆಂಡರ್ ಮಾಯಿಗಯ್ಯ ಮೂಲೆಯಿಂದ:
"ಇವತ್ತು ಅಮಾಸೆ, ಸಾರ್."
ಒಂದಕ್ಕೂ ಸೋಲು ಗೊತ್ತಿಲ್ಲ.
ಎಷ್ಟೇ ಡಿಗ್ರಿ ಬರಲಿ,
ಹೌದೌದೆಂದು ತಲೆಯಾಡಿಸುವ ಕೋಲೆಬಸವಗಳು.

ತಾಂಡವಮೂರ್ತಿ ಆಗ ಗಂಟೆ ಲೆಕ್ಕದ ಲೆಕ್ಚರರು.
ಬಸ್ ಟಿಕೆಟ್ಟಿನ ಹಿಂದೆ ಏನೋ ಗೀಚಿ ಹೇಳಿದರು:
ಗಾಳಿಗೂ ಭಾರವಿದೆ.
ಕಡಲಿಗಿಂತ ಎರಡೂವರೆ ಸಾವಿರ ಅಡಿ ಮೇಲಿದ್ದೇವೆ,
ತಲೆಹೊರೆ ಅಷ್ಟು ಹಗುರ,
ನೀರು ಬೇಗ ಬಿಡಿಸಿಕೊಳ್ಳುತ್ತದೆ.
ಹಾಗಿದ್ದರೆ ಚಾಮುಂಡಿ ಬೆಟ್ಟದ ತುದಿಯಲ್ಲಿ
ಇನ್ನೊಂದು ಡಿಗ್ರಿ ಇಳಿಯಬೇಕು. ತೊಂಬತ್ತಾರೂವರೆ.
ಇಳಿಯದಿದ್ದರೆ ಈ ಚೀಟಿ ಹರಿದುಹಾಕಿ.

ಹರಿದುಹಾಕಿ ಎಂಬ ಮಾತನ್ನು
ಅಲ್ಲಿಯವರೆಗೆ ಯಾವ ಮೇಷ್ಟ್ರ ಬಾಯಲ್ಲೂ ಕೇಳಿರಲಿಲ್ಲ.

ಭಾನುವಾರ. ಮಾಯಿಗಯ್ಯನ ಹೆಗಲಿಗೆ ಪಂಪ್ ಸ್ಟೌ,
ನನ್ನ ಕೈಗೆ ಸೀಮೆಎಣ್ಣೆ, ಸಾವಿರ ಮೆಟ್ಟಿಲು.
ನಂದಿಯ ಹತ್ತಿರ ಸಬೀಹಾಳ ಚಪ್ಪಲಿ ಕಿತ್ತಿತು.
ಮೇಲೆ ಗಾಳಿಯೋ ಗಾಳಿ. ಮೂರು ಕಡ್ಡಿ ಆರಿದವು,
ನಾಲ್ಕನೆಯದಕ್ಕೆ ಕೊಡೆ ಬಿಚ್ಚಿ ಮರೆ ಹಿಡಿದೆವು.
ಕಡಲೆಪುರಿ ಮಾರುವವಳು ಬಂದು ಇಣುಕಿದಳು:
"ಏನ್ ಬೇಯಿಸ್ತಿದ್ದೀರಿ?"
"ನೀರು."
"ಬರೀ ನೀರಾ?"

ಬರೀ ನೀರು.
ಗುಳ್ಳೆ ಏಳತೊಡಗಿದಾಗ
ತಾಂಡವಮೂರ್ತಿ ಚೀಟಿಯನ್ನು ಎರಡೂ ಕೈಯಲ್ಲಿ
ಹರಿಯಲು ಅನುವಾಗಿ ಹಿಡಿದಿದ್ದರು.

ಸಬೀಹಾ ಬಗ್ಗಿ ಓದಿದಳು: ತೊಂಬತ್ತಾರು ಪಾಯಿಂಟ್ ಏಳು.

ನಾವು ಕುಣಿದೆವು. ಅವರು ಕುಣಿಯಲಿಲ್ಲ.
"ಗೆದ್ದಿತು ಅನ್ನಬೇಡಿ. ಇವತ್ತು ಸೋಲಲಿಲ್ಲ, ಅಷ್ಟೆ.
ಆ ಪಾಯಿಂಟ್ ಎರಡು ಎಲ್ಲಿಂದ ಬಂತು?"

ಚಹಾಪುಡಿ ತಂದಿರಲಿಲ್ಲ,
ಬಿಸಿನೀರನ್ನೇ ಹಂಚಿಕೊಂಡು ಕುಡಿದೆವು.
ಕೆಳಗೆ ಮೈಸೂರು ತನ್ನೆಲ್ಲ ಒಲೆಗಳ ಮೇಲೆ
ಒಂದು ಡಿಗ್ರಿ ಹೆಚ್ಚಿಗೆ ಕುದಿಯುತ್ತಿತ್ತು,
ಯಾವ ರೆಕಾರ್ಡಿನ ಗೊಡವೆಯೂ ಇಲ್ಲದೆ.

ಇಳಿಯುವ ಮೊದಲೇ ಜಗಳ ಶುರುವಾಯಿತು:
ಗಾಜಿನ ತಪ್ಪೋ, ಕಣ್ಣಿನದೋ, ಗಾಳಿಯದೋ.
ಮಾಯಿಗಯ್ಯ ಏನೋ ಹೇಳಲು ಬಾಯಿ ತೆರೆದ.
ಅಮಾವಾಸ್ಯೆ ಎನ್ನುತ್ತಾನೆಂದು ನಗಲು ಕಾದಿದ್ದೆವು.

"ಇನ್ನೊಂದ್ಸಲ ಕಾಯಿಸಿ ನೋಡುವ ಸಾರ್," ಅಂದ,
ಆಗಲೇ ಪಂಪು ಒತ್ತುತ್ತ.