ಉರುಳು ತಂತಿ

ಲುವಾಂಗ್ವಾ ನದಿಯ ದಂಡೆಗೆ ಇನ್ನೂ ಬಿಸಿಲು ಬಿದ್ದಿಲ್ಲ.
ಇಸ್ತ್ರಿಪೆಟ್ಟಿಗೆಯ ಇದ್ದಿಲಿಗೆ ಉಸಿರೂದುತ್ತ
ಜೆಲಿಪಾ ಎಣಿಸುತ್ತಾಳೆ:
ಹದಿನಾರು ಹಾಸು, ಹದಿನಾರು ದಿಂಬಿನ ಚೀಲ,
ಒಂದರ ಮೇಲೆ ಯಾರದೋ ತುಟಿಯ ಬಣ್ಣ.

ರಾತ್ರಿ ಇವುಗಳ ಮೇಲೆ ಮಲಗಿದವರು
ಈಗ ಜೀಪಿನಲ್ಲಿ, ಕಂಬಳಿ ಹೊದ್ದು,
ಆನೆ ಹುಡುಕಲು ಹೋಗಿದ್ದಾರೆ.
ಇವಳು ಹುಡುಕಬೇಕಾಗಿಲ್ಲ.
ಮಾರ್ಚಿಯಲ್ಲಿ ಅದೇ ಹುಡುಕಿಕೊಂಡು ಬಂದಿತ್ತು
ಬಲಗಿವಿ ಹರಿದ ಹೆಣ್ಣಾನೆ, ಹಿಂದೊಂದು ಮರಿ.
ಕ್ಯಾಂಪಿನವರು ಕೊಟ್ಟ ಮೆಣಸಿನ ಹೊಗೆ
ಮಳೆಗೆ ನೆನೆದು ಸತ್ತಿತ್ತು.
ಬೆಳಗಾಗುವಷ್ಟರಲ್ಲಿ ಮೆಕ್ಕೆಜೋಳ ಇದ್ದ ಜಾಗದಲ್ಲಿ ಬಯಲು.
ಮರಿಗೆ ತಿನ್ನಲೂ ಬರುತ್ತಿರಲಿಲ್ಲ,
ಸುಮ್ಮನೆ ತೆನೆ ತುಳಿದಾಡಿತ್ತು.
ಅವಳಿಗೆ ಇಂದಿಗೂ ಸಿಟ್ಟು ಅದರ ಮೇಲೆಯೇ.
ತಿಂದಿದ್ದರೆ, ಹಸಿದಿತ್ತು ಅನ್ನಬಹುದಿತ್ತು.

ಆನೆ ಇದ್ದರೂ ಲಕ್ಷ, ಸತ್ತರೂ ಲಕ್ಷ ಅನ್ನುವವರು
ಆನೆ ಕೊಂದವರಲ್ಲ.
ಗಂಡ ಯೋತಾಮುವಿಗೆ ಗೊತ್ತು ಲೆಕ್ಕ:
ಸತ್ತ ಆನೆ ಕೊಟ್ಟದ್ದು
ಒಂದು ಸೈಕಲ್ಲು, ಎರಡು ಮೂಟೆ ಹಿಟ್ಟು,
ಐದು ವರ್ಷ ಜೈಲು.
ದಂತ ಒಯ್ದವನ ಹೆಸರು ಯಾರಿಗೂ ಗೊತ್ತಾಗಲಿಲ್ಲ.

ಈಗ ಅವನು ಕ್ಯಾಂಪಿನ ಕಾವಲುಪಡೆಯ ಮುಂದೆ ನಡೆಯುತ್ತಾನೆ.
ಇಂಪಾಲ ನೀರಿಗೆ ಬಗ್ಗುವಾಗ ಕತ್ತು ಎಷ್ಟೆತ್ತರ,
ಉರುಳು ಯಾವ ಪೊದೆಗೆ ಬಿಗಿದಿರುತ್ತಾರೆ,
ಅವನ ಮೊಣಕಾಲಿಗೇ ತಿಳಿಯುತ್ತದೆ.
ಸಂಜೆ ಹೆಗಲ ತುಂಬ ಸುರುಳಿ ತಂತಿ.
ಕೆಲವು ತುಕ್ಕು ಹಿಡಿದ ಹಳೆಯವು,
ಕೆಲವು ಗಂಟು ಅವನದೇ ಕೈಯವು.
ಅವನು ಹೇಳುವುದಿಲ್ಲ.
ಅವಳು ಕೇಳುವುದಿಲ್ಲ.
ಆ ತಂತಿಯನ್ನೇ ಎರಡು ಮರಗಳ ನಡುವೆ ಎಳೆದು,
ಕಲೆಯಾಗದಿರಲೆಂದು ಹಳೇ ಚಿತೆಂಗೆಯ ಚೂರು ಸುತ್ತಿ,
ಹಾಸು ಹರವುತ್ತಾಳೆ.
ಗಾಳಿಗೆ ತಂತಿ ಕಿರುಗುಟ್ಟಿದರೆ
ಒಮ್ಮೆ ತಿರುಗಿ ನೋಡುತ್ತಾಳೆ.

ಮಗಳು ಎಸ್ನಾತ್‌ಳ ಶಾಲೆಯ ಫೀಜು
ಈ ಹಾಸುಗಳ ಮಡಿಕೆಯಿಂದ ಬರುತ್ತದೆ.
ನವೆಂಬರಿನ ಮೊದಲ ಮಳೆಗೆ
ಜೊಂಡಿನ ಗೋಡೆ ಬಿಚ್ಚಿ, ಪಾತ್ರೆ ಲಾರಿಗೆ ಹೇರಿ,
ಕ್ಯಾಂಪು ಎದ್ದುಹೋಗುತ್ತದೆ.
ಆಮೇಲೆ ಐದಾರು ತಿಂಗಳು
ಆನೆ ಇರುತ್ತದೆ, ಸಂಬಳ ಇರುವುದಿಲ್ಲ.

ಕೊನೆಯ ವಾರ, ಬಿಳಿಗೂದಲಿನ ಅತಿಥಿಯೊಬ್ಬಳು
ತಂತಿಯ ಬಳಿಗೇ ಬಂದು ಕ್ಯಾಮೆರಾ ತೋರಿಸಿದಳು.
ಬಲಗಿವಿ ಹರಿದ ಹೆಣ್ಣಾನೆ,
ಪಕ್ಕದಲ್ಲಿ ಸೊಂಡಿಲಿಗೆ ಹುಲ್ಲು ಸುತ್ತಿ
ಬಾಯಿಗಿಡುತ್ತಿರುವ ಮರಿ.
'ಎಷ್ಟು ಚಂದ, ಅಲ್ವಾ?'

ಜೆಲಿಪಾ ಒದ್ದೆ ಕೈ ಒರೆಸಿಕೊಂಡು
ತುಂಬ ಹೊತ್ತು ನೋಡಿದಳು.
'ಹೌದು,' ಅಂದಳು,
'ತಿನ್ನಲು ಕಲಿತಿದೆ.'