ಮಾಸು

ಮೊಖೊತ್ಲೊಂಗ್, ಜುಲೈ. ಲೆಸೊಥೊದ ನೆತ್ತಿ ಇದು.
ಹಿಮ ಬಿದ್ದು ಆಸ್ಪತ್ರೆಯ ನಲ್ಲಿ ಕಟ್ಟಿದೆ.
ಕಂಬಳಿ ಹೊದ್ದೇ ಬಂದಳು, ಎದೆಯ ಮೇಲೆ ದೊಡ್ಡ ಪಿನ್ನು,
ಒಳಗೆ ಮೂವತ್ತೆರಡು ವಾರ.

ಹೆಸರು? ಎಂದೆ. ಕೇಳುವುದು ಅಭ್ಯಾಸ, ಬರೆಯುವಂತಿಲ್ಲ;
ಬರೆಯಬೇಕಾದ್ದು ಸೊನ್ನೆ ನಾಲ್ಕು ಒಂದು ಏಳು.
ಮಾಪುಲಾನೆ, ಅಂದಳು.
ಪುಲಾನೆಯ ತಾಯಿ.

ನಮ್ಮಲ್ಲಿ ಹಾಗೆ. ಮದುವೆಯಾಗಿ ಬಂದ ಹುಡುಗಿಯನ್ನು
ಹುಟ್ಟದ ಮಗುವಿನ ತಾಯೆಂದು ಕರೆಯುತ್ತಾರೆ ಗಂಡನ ಕಡೆಯವರು.
ಹೆಸರು ಮೊದಲೇ ಬಂದು ಹೊಸಿಲಲ್ಲಿ ಕೂರುತ್ತದೆ,
ಮಗು ಆಮೇಲೆ ಬಂದು ಅದನ್ನು ತೊಟ್ಟುಕೊಳ್ಳಬೇಕು.
ಪುಲಾ ಎಂದರೆ ಮಳೆ.

ನಮೂನೆಯ ಎರಡನೇ ಪುಟ.
ಹಿಂದಿನ ಬಸಿರು: ಒಂದು.
ಬದುಕಿರುವ ಮಕ್ಕಳು:
ಪೆನ್ನು ಅಲ್ಲೇ ನಿಂತಿತು.
ಅವಳೇ ಬೆರಳು ಚಾಚಿ ಗಾಳಿಯಲ್ಲಿ ಸೊನ್ನೆ ಬರೆದಳು,
ಚೆನ್ನಾಗಿಯೇ ಬರೆದಳು, ತುದಿಗೆ ತುದಿ ಕೂಡಿಸಿ.

ಇಪ್ಪತ್ತೊಂಬತ್ತನೇ ವಾರ. ತಲೆನೋವು, ಕಣ್ಣ ಮುಂದೆ ಮಿಂಚುಹುಳ,
ಆಮೇಲೆ ಮೈ ಸೆಟೆತ. ಗಂಡ ಗಣಿಯಲ್ಲಿ, ಕುದುರೆ ನೆರೆಯವರದು,
ದಾರಿ ಆರು ಗಂಟೆ.
ಎಚ್ಚರವಾದಾಗ ಹೊಟ್ಟೆ ಬರಿದು.
ಅದೇ ದಿನ ರಕ್ತದ ಇನ್ನೊಂದು ವರದಿಯೂ ಬಂತು.
"ಎರಡು ಸುದ್ದಿಗೆ ಒಂದೇ ಕುರ್ಚಿ ಕೊಟ್ಟಿದ್ದರು" ಅಂದಳು.

ಗರ್ಭನಂಜು ಒಂದು ಕಡೆ, ಎಚ್‌ಐವಿ ಇನ್ನೊಂದು ಕಡೆ,
ನಡುವೆ ಗುಳಿಗೆ, ದಿನಾ ರಾತ್ರಿ ಎಂಟಕ್ಕೆ.
ವೈರಾಣುವೇ ಮಾಸನ್ನು ಒರಟು ಮಾಡುತ್ತದೆಯೆ,
ಕಾಯುವ ಗುಳಿಗೆಗೂ ಅದರಲ್ಲಿ ಕೈಯಿದೆಯೆ,
ಇಲ್ಲಾ ಇದು ಬರೀ ಗುಡ್ಡ, ಹಸಿವು, ಆರು ಗಂಟೆಯ ದಾರಿಯೆ?
ನಾವು ಹುಡುಕುತ್ತಿದ್ದದ್ದು ಅದನ್ನೇ,
ಆರುನೂರ ಹನ್ನೊಂದು ತೋಳುಗಳಿಗೆ ಪಟ್ಟಿ ಬಿಗಿದು.
ಹಾಗಾದರೆ ಗುಳಿಗೆ ಬಿಡಲೇ? ಎಂದಳು.
ಬೇಡ, ಎಂದೆ. ಅದೊಂದಕ್ಕೆ ಮಾತ್ರ ನನ್ನಲ್ಲಿ ಉತ್ತರವಿತ್ತು.

ಒಪ್ಪಿಗೆ ಪತ್ರ ಓದಿ ಹೇಳಿದೆ, ಹದಿನಾಲ್ಕು ಪುಟ.
ಹೆರಿಗೆಯಾದ ಮೇಲೆ ಮಾಸು ತೂಗುತ್ತೇವೆ,
ನಾಲ್ಕು ಕಡೆ ಉಗುರಿನಷ್ಟು ಕತ್ತರಿಸುತ್ತೇವೆ,
ಉಳಿದದ್ದು ಆಸ್ಪತ್ರೆಯ ಕುಲುಮೆಗೆ.
ಅಲ್ಲಿ ಕೈ ಎತ್ತಿದಳು, ಶಾಲೆಯ ಹುಡುಗಿಯ ಹಾಗೆ.
"ನಿಮಗೆ ಬೇಕಾದ್ದು ತೆಗೆದುಕೊಳ್ಳಿ. ಉಳಿದದ್ದು ನನಗೆ ಕೊಡಿ.
ಮನೆಯ ಹಿಂದೆ ಮಣ್ಣಿಗೆ ಸೇರಬೇಕು.
ಪುಲಾನೆಯದು ಎಲ್ಲಿ ಹೋಯಿತೋ, ನಾನು ಕೇಳಲೂ ಇಲ್ಲ."

ಆಗಸ್ಟ್ ಕೊನೆ, ನಸುಕು. ನೂರ ಐವತ್ತೆಂಟು, ನೂರ ಎಂಟು.
ಪಟ್ಟಿ ಬಿಚ್ಚಿ ಮತ್ತೆ ಬಿಗಿದೆ. ಅದೇ.
ಮೆಗ್ನೀಸಿಯಂ ಸೂಜಿಗೆ ಅವಳ ಮೈಯೆಲ್ಲ ಬಿಸಿಯೆದ್ದು
ಕಿಟಕಿ ತೆಗೆಯಿರಿ ಎಂದಳು, ಹೊರಗೆ ಹಿಮ.
ಹುಡುಗ. ಎರಡು ಕಿಲೋ ಮುನ್ನೂರು. ತಡವಾಗಿ ಅತ್ತ, ಸಿಟ್ಟಿನಿಂದ.
ಮಾಸು ನಾನೂರ ಹತ್ತು ಗ್ರಾಂ, ಅಂಚಿನಲ್ಲಿ ಬಿಳಿಚಿದ ಎರಡು ಗಂಟು.

ನಾಲ್ಕು ಚೂರು ಫಾರ್ಮಲಿನ್ನಿಗೆ, ಡಬ್ಬಿ ಮಸೇರುವಿಗೆ.
ಉಳಿದದ್ದನ್ನು ಎರಡು ಚೀಲದಲ್ಲಿ ಕಟ್ಟಿ,
ಕೈಗವಸು ಹಾಕಿಯೇ ಮುಟ್ಟಿ ಎಂದು ಅತ್ತೆಗೆ ಮೂರು ಸಲ ಹೇಳಿ
ಕಂಬಳಿಯ ಮಡಿಲಲ್ಲಿಟ್ಟೆ.
ಆಮೇಲೆ ನಿಯಮ ಮೀರಿದ ನಮೂನೆ ತುಂಬಿದೆ, ನನ್ನ ಮೊದಲನೆಯದು.
ಕಾರಣಕ್ಕೆ ಆರು ಸಾಲು ಜಾಗ ಬಿಟ್ಟಿದ್ದರು.
"ಕೇಳಿದಳು" ಎಂದು ಬರೆದೆ.

ಆರನೇ ವಾರ ಮಗುವಿನ ಹಿಮ್ಮಡಿಯಿಂದ ಐದು ಹನಿ.
ಸೋಂಕಿಲ್ಲ.

ಎರಡು ವರ್ಷದ ಮೇಲೆ ಪ್ರಬಂಧ ಬಂತು.
ಮೂರನೇ ಕೋಷ್ಟಕ, ಐದನೇ ಸಾಲು,
ಅಲ್ಲೆಲ್ಲೋ ಇದ್ದಾಳೆ ಅವಳು, ದಶಾಂಶದ ಚುಕ್ಕೆಯ ಬಲಕ್ಕೆ.
ಕೊನೆಯ ಮಾತು: ಸಂಬಂಧ ಇರುವಂತಿದೆ,
ಹೆಚ್ಚಿನ ಅಧ್ಯಯನ ಅಗತ್ಯ.

ಇಷ್ಟನ್ನಾದರೂ ಹೇಳಬೇಕಲ್ಲ ಎಂದು ಗುಡ್ಡ ಹತ್ತಿದೆ.
ಮನೆಯ ಹಿಂದೆ ಮೊಣಕಾಲೆತ್ತರದ ಪೀಚ್ ಗಿಡ,
ಅದಕ್ಕೆ ಉಚ್ಚೆ ಹೊಯ್ಯುತ್ತಿದ್ದ ತ್ಸೆಲಿಸೊ,
ಹೆಸರಿಗೆ ಸಮಾಧಾನ ಎಂದರ್ಥ, ಹುಡುಗ ಹಾಗೇನೂ ಇಲ್ಲ.
ಊರು ಅವಳನ್ನು ಕರೆಯುವುದು ಇನ್ನೂ ಮಾಪುಲಾನೆ ಎಂದೇ.
ಮಾಸಿಲ್ಲ ಅದು. ಮಾಸುವ ಹೆಸರಲ್ಲ.

ಕೋಷ್ಟಕ ತೋರಿಸಿ ಹೇಳಿದೆ. ಪೂರ್ತಿ ಕೇಳಿದಳು.
"ಅಂದರೆ ಇನ್ನೂ ಗೊತ್ತಿಲ್ಲ."
"ಇನ್ನೂ ಗೊತ್ತಿಲ್ಲ."
"ಈ ಸಲವೂ ಉಳಿದದ್ದು ಕೊಡುತ್ತೀಯಲ್ಲ?" ಎಂದವಳೇ
ಕಂಬಳಿಯ ಪಿನ್ನು ಬಿಚ್ಚಿ
ತೋಳು ಚಾಚಿದಳು.